ಕಿತ್ತಳೆ ಸಿಪ್ಪೆಯ ಪುಡಿ ಹಾಕಿದರೆ ನೀರಿನಲ್ಲಿದ್ದ ಶೇ 90 ಸೀಸ ಹೋಯಿತು ಎನ್ನುತ್ತಾರೆ, ಸರಿ. ಉಳಿದದ್ದೆಷ್ಟು?

100 ಮಿಲಿಲೀಟರ್ ನೀರು, ಲೀಟರಿಗೆ 50 ಮಿಲಿಗ್ರಾಂ ಸೀಸ, 0.2 ಗ್ರಾಂ ಕಿತ್ತಳೆ ಸಿಪ್ಪೆಯ ಪುಡಿ. ಎರಡು ಗಂಟೆ ಅಲುಗಾಡಿಸಿದ ಮೇಲೆ ಲೀಟರಿಗೆ 5 ಮಿಲಿಗ್ರಾಂ ಉಳಿದಿದೆ ಎಂದುಕೊಳ್ಳಿ. ಲೆಕ್ಕದಲ್ಲಿ ಶೇ 90 ಹೋಯಿತು, ಗ್ರಾಂ ಪುಡಿಗೆ 22.5 ಮಿಲಿಗ್ರಾಂ ಹಿಡಿಯಿತು. ಆದರೆ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಉಳಿದದ್ದು ಅದರ 500 ಪಟ್ಟು! ಹಾಗಾಗಿ ಇದನ್ನು ಕಾರ್ಖಾನೆಯ ಕೊಳೆನೀರಿನ ಹೊರೆ ಇಳಿಸುವ ಮೊದಲ ಹಂತವೆಂದು ನೋಡಬೇಕು, ಮನೆಯ ಫಿಲ್ಟರ್ ಎಂದಲ್ಲ.

ತೊಳೆದ ಸಿಪ್ಪೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಪುಡಿ ಮಾಡಿ. 0.25ರಿಂದ 0.5 ಮಿಲಿಮೀಟರ್ ಕಣಗಳನ್ನು ಜರಡಿ ಹಿಡಿದು ಇಟ್ಟುಕೊಳ್ಳಿ. ಇನ್ನೂ ನುಣುಪಾದದ್ದು ಕಾಲಂನಲ್ಲಿ (ಪುಡಿ ತುಂಬಿ ನೀರು ಹರಿಸುವ ಕೊಳವೆ) ಹರಿವನ್ನೇ ಅಡ್ಡಗಟ್ಟುತ್ತದೆ. ಪುಡಿಯನ್ನು ಹಾಗೇ ಹಾಕಿದರೆ ಬಣ್ಣ, ಸಕ್ಕರೆ ನೀರಿಗಿಳಿದು ಸಿಒಡಿ (ನೀರಿನ ಸಾವಯವ ಕೊಳೆಯ ಅಳತೆ) ಏರುತ್ತದೆ. ಅದಕ್ಕೇ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಎರಡು ಗಂಟೆ ನೆನೆಸಿ, ತೊಳೆದು, 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ರಾತ್ರಿಯಿಡೀ ಬಿಟ್ಟು ಮತ್ತೆ ತೊಳೆಯಿರಿ. ಕ್ಷಾರದಿಂದ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥದ ಎಸ್ಟರ್‌ಗಳು ಒಡೆದು, ಸೀಸವನ್ನು ಹಿಡಿಯುವ ಕಾರ್ಬಾಕ್ಸಿಲ್ ಗುಂಪುಗಳು ಹೆಚ್ಚುತ್ತವೆ. ಕ್ಯಾಲ್ಸಿಯಂ ಪೆಕ್ಟಿನ್ ಕರಗಿ ಲೋಳೆಯಾಗದಂತೆ ಹಿಡಿದಿಡುತ್ತದೆ, ಸೀಸ ಬಂದಾಗ ಜಾಗ ಬಿಟ್ಟುಕೊಡುತ್ತದೆ.

ಇನ್ನು ಪಿಎಚ್. ಹೆಚ್ಚಿನವರು ಎಡವುವುದು ಇಲ್ಲೇ. ಸೀಸಕ್ಕೆ 5ರ ಆಸುಪಾಸು ಇಡಿ. 3ಕ್ಕಿಂತ ಕೆಳಗೆ ಹೈಡ್ರೋಜನ್ ಅಯಾನುಗಳೇ ಜಾಗ ಹಿಡಿದು ಕೂರುತ್ತವೆ. 6 ದಾಟಿದರೆ ಸೀಸ ತಾನಾಗಿ ಹೈಡ್ರಾಕ್ಸೈಡ್, ಕಾರ್ಬೊನೇಟ್ ಆಗಿ ತಳಕ್ಕಿಳಿಯಬಹುದು, ಹೆಸರು ಮಾತ್ರ ಸಿಪ್ಪೆಗೆ. ಹೊಂದಿಸಲು ನೈಟ್ರಿಕ್ ಆಮ್ಲ ಬಳಸಿ. ಸಲ್ಫ್ಯೂರಿಕ್ ಹಾಕಿದರೆ ಸೀಸದ ಸಲ್ಫೇಟ್ ಗಸಿಯಾಗುತ್ತದೆ. ಪುಡಿಯೇ ಪಿಎಚ್ ಬದಲಿಸುವುದರಿಂದ ಕೊನೆಗೂ ಒಮ್ಮೆ ಅಳೆಯಿರಿ. ಎಲ್ಲ ಲೋಹಕ್ಕೂ ಇದೇ ಪಿಎಚ್ ಅಲ್ಲ: ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಋಣ ಅಯಾನಾಗಿರುವುದರಿಂದ ಅದಕ್ಕೆ 2ರ ಸುತ್ತಮುತ್ತ ಬೇಕು.

ಹೋಲಿಕೆಗೆ ಪುಡಿಯಿಲ್ಲದ ಒಂದು ಫ್ಲಾಸ್ಕ್, ಸೀಸವಿಲ್ಲದ ಇನ್ನೊಂದು ಫ್ಲಾಸ್ಕ್ ಜೊತೆಗಿರಲಿ. ಸೋಸುವ ಕಾಗದವೂ ಸೆಲ್ಯುಲೋಸೇ ಅಲ್ಲವೇ, ಅದೂ ಸೀಸ ಹೀರುತ್ತದೆ. ಪುಡಿ ಬೇರ್ಪಡಿಸಲು ಸೆಂಟ್ರಿಫ್ಯೂಜ್ (ವೇಗವಾಗಿ ತಿರುಗಿಸಿ ಪುಡಿಯನ್ನು ತಳಕ್ಕಿಳಿಸುವ ಯಂತ್ರ) ಇದ್ದರೆ ಲೇಸು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಪೈಪೋಟಿಗಿಳಿದು ಫಲಿತಾಂಶ ಕುಸಿಯಬಹುದು, ಆದ್ದರಿಂದ ಡಿಸ್ಟಿಲ್ಡ್ ವಾಟರ್‌ನ ಅಂಕಿಗಳನ್ನೇ ನಂಬಿ ಕಾಲಂ ಕಟ್ಟಬೇಡಿ.

ಬಳಸಿದ ಪುಡಿಯಿಂದ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸೀಸ ಬಿಡಿಸಿ ಮತ್ತೆ ಬಳಸಬಹುದು, ಪ್ರತಿ ಸುತ್ತಿಗೂ ಒಂದಿಷ್ಟು ಶಕ್ತಿ ಕುಂದುತ್ತದೆ. ಆ ಆಮ್ಲವನ್ನೂ ಸವೆದ ಪುಡಿಯನ್ನೂ ಅಪಾಯಕಾರಿ ತ್ಯಾಜ್ಯವಾಗಿಯೇ ವಿಲೇವಾರಿ ಮಾಡಬೇಕು. ಸಿಪ್ಪೆ ತಾನೇ ಎಂದು ಗೊಬ್ಬರದ ಗುಂಡಿಗೆ ಸುರಿಯುವಂತಿಲ್ಲ.