ಪಾರ್ಕಿಗೆ ಬಾರದವರ ಲೆಕ್ಕ: ಮೂರನೇ ವಾರ

ಹೊಸಬರಿಗೆ ಹಿಂದಿನ ಕಥೆ ಮೊದಲು. ಬಸವನಗುಡಿಯ ನಮ್ಮ ಪಾರ್ಕಿನಲ್ಲಿ ತಿಂಗಳಿಗೊಂದು ಭಾನುವಾರ ಪುಕ್ಕಟೆ ಶುಗರ್ ಟೆಸ್ಟ್ ಇರುತ್ತದೆ. ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಸುಮ್ನೆ ಕುತೂಹಲಕ್ಕೆ ‘ದಿನಾ ವಾಕ್ ಮಾಡ್ತೀರಾ?’ ಅಂತ ಒಂದು ಕಾಲಂ ಸೇರಿಸಿದ್ದೆ. ಮನೆಗೆ ಬಂದು ಎಣಿಸಿದರೆ ವಾಕ್ ಮಾಡುವವರಲ್ಲಿ ಶುಗರ್ ಇದ್ದವರು ತೀರಾ ಕಮ್ಮಿ, ಮಾಡದವರಲ್ಲಿ ಅರ್ಧಕ್ಕರ್ಧ. ಅಪ್ಪನ ಮುಂದೆ ನೋಟ್‌ಬುಕ್ ಹಿಡಿದು ‘ನಾಳೆಯಿಂದ ಬೇಗ ಏಳಿ’ ಅಂದೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ‘ನನ್ನ ಹಾಗೆ ವಾಕೂ ಮಾಡದೆ, ಶುಗರೂ ಇಲ್ಲದೆ ಇರೋನು ಭಾನುವಾರ ಆರೂವರೆಗೆ ಅಲ್ಲಿಗೆ ಯಾಕೆ ಬರ್ತಾನೆ?’ ಅಂದರು.

ಹೌದಲ್ವಾ? ವಾಕಿಗೆ ಬಂದವರು ಹೇಗೂ ಅಲ್ಲೇ ಇರುತ್ತಾರೆ, ಕೈ ಚಾಚುತ್ತಾರೆ. ಉಳಿದವರು ಶುಗರ್ ಇದೆ ಅಂತ ಗೊತ್ತಿದ್ದೇ ಬರುತ್ತಾರೆ. ಎರಡೂ ಇಲ್ಲದವರು ಮನೆಯಲ್ಲಿ ಹೊದ್ದು ಮಲಗಿರುತ್ತಾರೆ.

ಇದನ್ನು ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಪೈಥಾನ್ ಕೋಡ್ ಬರೆದು ಒಂದು ಸುಳ್ಳು ಬಡಾವಣೆ ಕಟ್ಟಿದೆ. ಒಂದು ಲಕ್ಷ ಜನ. 30,000 ಮಂದಿ ವಾಕ್ ಮಾಡುತ್ತಾರೆ, 10,000 ಮಂದಿಗೆ ಶುಗರ್. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಹಂಚಿದೆ. ವಾಕ್ ಮಾಡುವವರಲ್ಲೂ ನೂರಕ್ಕೆ 10, ಮಾಡದವರಲ್ಲೂ ನೂರಕ್ಕೆ 10. ಆಮೇಲೆ ಶಿಬಿರ ಶುರು. ಎರಡರಲ್ಲಿ ಒಂದಾದರೂ ಇದ್ದವರು ನೂರಕ್ಕೆ 40 ಬರುತ್ತಾರೆ. ಎರಡೂ ಇಲ್ಲದವರು ಬರೀ 5.

ಬಂದವರಲ್ಲಿ ವಾಕ್ ಮಾಡುವವರು ಹೆಚ್ಚುಕಮ್ಮಿ 12,000, ಅವರಲ್ಲಿ ಶುಗರ್ 1,200 ಮಂದಿಗೆ. ವಾಕ್ ಮಾಡದವರು 5,950, ಅವರಲ್ಲಿ ಶುಗರ್ 2,800 ಮಂದಿಗೆ. ಒಂದು ಕಡೆ ನೂರಕ್ಕೆ 10, ಇನ್ನೊಂದು ಕಡೆ 47! ಬಡಾವಣೆಯಲ್ಲಿ ಇಲ್ಲದ ಸಂಬಂಧ ಗೇಟಿನಲ್ಲಿ ಹುಟ್ಟಿಕೊಂಡಿತು. ವಾಕಿಂಗಿನಿಂದ ಲಾಭವಿಲ್ಲ ಅಂತ ಹೇಳುತ್ತಿಲ್ಲ, ನನ್ನ ನೋಟ್‌ಬುಕ್ ಅದಕ್ಕೆ ಸಾಕ್ಷಿಯಲ್ಲ, ಅಷ್ಟೇ. ಅಪ್ಪನಿಗೆ ಮಾತ್ರ ಈ ವಿವರ ಹೇಳಿಲ್ಲ.

ಇದಕ್ಕೆ ಬರ್ಕ್‌ಸನ್ ಬಯಾಸ್ (ಬಂದವರನ್ನಷ್ಟೇ ಎಣಿಸುವುದರಿಂದ ಲೆಕ್ಕ ಓರೆಯಾಗುವುದು) ಅನ್ನುತ್ತಾರೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲೇ ಆಸ್ಪತ್ರೆ ಸೇರಿದವರನ್ನು ಮಾತ್ರ ಎಣಿಸಿದರೆ ಆಗುವ ಎಡವಟ್ಟನ್ನು ತೋರಿಸಿದ್ದರು. ಅವರ ಉದಾಹರಣೆಯಲ್ಲೂ ಒಂದು ಕಾಯಿಲೆ ಶುಗರ್ರೇ, ಇನ್ನೊಂದು ಪಿತ್ತಕೋಶದ ಉರಿಯೂತ.

ಎರಡನೇ ವಾರ ಸರಿಪಡಿಸಲು ಹೋದೆ. ಉಪಾಯ ಸರಳ: ಬರುವ ಸಾಧ್ಯತೆ ಎಷ್ಟು ಕಮ್ಮಿಯೋ ಬಂದವರಿಗೆ ಅಷ್ಟು ಜಾಸ್ತಿ ತೂಕ, ಅಂದರೆ ಬಂದ ಒಬ್ಬರನ್ನು ಅಷ್ಟು ಜನರ ಲೆಕ್ಕಕ್ಕೆ ಎಣಿಸೋದು. ವಾಕ್ ಮಾಡುವವರು ಬರೋದು ಜಾಸ್ತಿ ಅಂತ ಅದೊಂದನ್ನೇ ನೋಡಿ ತೂಕ ಹಾಕಿದೆ. 47 ಅಲುಗಲಿಲ್ಲ. ಅಲುಗೋದು ಹೇಗೆ? ವಾಕ್ ಮಾಡದ ಎಲ್ಲರಿಗೂ ಒಂದೇ ತೂಕ ಹಾಕಿದರೆ ಅವರೊಳಗಿನ ಪಾಲು ಬದಲಾಗಲ್ಲ. ಇಷ್ಟು ಹೊಳೆಯಲು ನನಗೆ ಒಂದು ಸಂಜೆ ಬೇಕಾಯಿತು. ಶುಗರನ್ನೂ ಸೇರಿಸಿ, ಎರಡೂ ಇಲ್ಲದವರಿಗೆ 20, ಉಳಿದವರಿಗೆ 2.5 ತೂಕ ಕೊಟ್ಟಾಗ ಎರಡೂ ಕಡೆ 10ಕ್ಕೆ ಬಂತು.

ಈ ವಾರ ಜೀನ್. ಗಂಡು ಹೆಣ್ಣಿನ ವ್ಯತ್ಯಾಸ ಎಕ್ಸ್, ವೈ ಕ್ರೋಮೋಸೋಮಿನದು. ಉಳಿದ 22 ಜೋಡಿಗಳಲ್ಲಿರುವ ಜೀನ್ ರೂಪಗಳು ಗಂಡಸರಲ್ಲೂ ಹೆಂಗಸರಲ್ಲೂ ಸಮಸಮ ಇರಬೇಕು. ಆದರೆ 2021ರಲ್ಲಿ ಸುಮಾರು 33 ಲಕ್ಷ ಜನರ ಡೇಟಾ ಜಾಲಾಡಿದವರಿಗೆ 150ಕ್ಕೂ ಹೆಚ್ಚು ಕಡೆ ವ್ಯತ್ಯಾಸ ಸಿಕ್ಕಿತು. ಮೈ ತೂಕ ಹೆಚ್ಚಿಸುವ, ಎಫ್‌ಟಿಓ ಅನ್ನೋ ಜೀನಿನ ಒಂದು ರೂಪ ಗಂಡಸರಲ್ಲಿ ಚೂರು ಜಾಸ್ತಿ ಕಂಡಿತ್ತು. ಜೀನೇನೂ ಯಾರನ್ನೂ ಗಂಡು ಮಾಡಿರಲಿಲ್ಲ. ಸ್ಯಾಂಪಲ್ ಕೊಡಲು ಬಂದ ಗಂಡಸರನ್ನೂ ಹೆಂಗಸರನ್ನೂ ಬೇರೆ ಬೇರೆ ಜರಡಿ ಸೋಸಿತ್ತು.

ನನ್ನ ಬಡಾವಣೆಯಲ್ಲಿ ನೂರಕ್ಕೆ 40 ಮಂದಿಗೆ ಒಂದು ಜೀನ್ ರೂಪ ಹಾಕಿದೆ. ಅದು ಇದ್ದರೆ ಬರುವ ಸಾಧ್ಯತೆ ಅರ್ಧಕ್ಕಿಳಿಯಬೇಕು, ಎಲ್ಲರಿಗೂ. ರನ್ ಮಾಡಿದರೆ ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸ ಸೊನ್ನೆ. ರಾತ್ರಿ ಒಂದರ ತನಕ ಕೋಡಿನಲ್ಲಿ ತಪ್ಪು ಹುಡುಕಿದೆ. ಕೋಡ್ ಸರಿಯಿತ್ತು. ಜರಡಿ ಇಬ್ಬರಿಗೂ ಒಂದೇ ಪ್ರಮಾಣದಲ್ಲಿ ಸೋಸಿದರೆ ವ್ಯತ್ಯಾಸ ಬರೋದೇ ಇಲ್ಲ. ಹೆಂಗಸರಿಗೆ ಮಾತ್ರ ಅರ್ಧ ಅಂತ ಬದಲಿಸಿದೆ. ಬಂದ ಗಂಡಸರಲ್ಲಿ ಆ ರೂಪ 40, ಹೆಂಗಸರಲ್ಲಿ 25. ನಿದ್ದೆ ಬಂತು.

ದೊಡ್ಡವರ ಡೇಟಾವೂ ಇದರಿಂದ ಪಾರಾಗಿಲ್ಲ. ಜನರ ಆರೋಗ್ಯ, ಜೀನ್ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಸುಮಾರು 92 ಲಕ್ಷ ಜನರನ್ನು ಕರೆದಿತ್ತು, ಬಂದವರು 5 ಲಕ್ಷ, ನೂರಕ್ಕೆ 5.5. ಬಂದವರು ಅಲ್ಲಿನ ಸಾಮಾನ್ಯ ಜನಕ್ಕಿಂತ ಆರೋಗ್ಯವಂತರು, ಸಿಗರೇಟು ಸೇದುವವರೂ ಕಮ್ಮಿ.

ಸುಳ್ಳು ಬಡಾವಣೆಯಲ್ಲಿ ಆ 5 ಮತ್ತು 40 ನಾನೇ ಬರೆದದ್ದು. ನಿಜವಾದ ಪಾರ್ಕಿನಲ್ಲಿ ಅದನ್ನು ಎಲ್ಲಿಂದ ತರೋದು? ಮೊನ್ನೆ ಭಾನುವಾರ ‘ಇಲ್ಲಿಗೆ ಯಾಕೆ ಬಂದ್ರಿ?’ ಅಂತ ಹೊಸ ಕಾಲಂ ಹಾಕಿದೆ. ವಾಕಿಗೆ ಬಂದಿದ್ದೆ, ಶುಗರ್ ಇದೆ, ಇತರೆ. ಮಂಕಿ ಕ್ಯಾಪ್ ಹಾಕಿದ್ದ ಒಬ್ಬ ತಾತ ಪೆನ್ನು ಹಿಡಿದು ತುಂಬಾ ಹೊತ್ತು ಯೋಚಿಸಿ, ‘ಇತರೆ’ ಪಕ್ಕದಲ್ಲಿ ಬರೆದರು: ‘ಮನೆಯವಳು ಕಳಿಸಿದ್ಲು. ಬಂದ್ ಮೇಲೆ ಇಡ್ಲಿ ಕೊಡ್ತಾರಂತೆ.’