ಎದುರಾಳಿಯ ಸಹಿ

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುವುದು ನನ್ನ ವೃತ್ತಿಯಾದರೂ, ಪ್ರಜಾಪ್ರಭುತ್ವದಲ್ಲಿ ವಿರೋಧಿಗೆ ಇರುವ ಸ್ಥಾನ ನನಗೆ ಮನವರಿಕೆಯಾದದ್ದು ಗದಗ ಜಿಲ್ಲೆಯ ಮತಗಟ್ಟೆಗಳಲ್ಲಿ ಅಧ್ಯಕ್ಷಾಧಿಕಾರಿಯಾಗಿ ಮಾಡಿದ ಕೆಲಸದಿಂದ.

ಮತದಾನ ಬೆಳಿಗ್ಗೆ 7ಕ್ಕಾದರೆ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸುವ ಅಣಕು ಮತದಾನ 5.30ಕ್ಕೇ ಆರಂಭವಾಗಬೇಕು. ಅಭ್ಯರ್ಥಿಗಳ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರ ಸಮ್ಮುಖದಲ್ಲಿ, ನೋಟಾ ಸೇರಿದಂತೆ ಎಲ್ಲ ಗುಂಡಿಗಳನ್ನೂ ಒತ್ತಿ, ಕನಿಷ್ಠ 50 ಮತ ಹಾಕಿಸಿ, ಫಲಿತಾಂಶ ತೋರಿಸಿ, ಅದನ್ನು ಯಂತ್ರದಿಂದ ಅಳಿಸಿ, ಹಾಕಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳನ್ನು ಕಪ್ಪು ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು. ಮತಗಳು ದಾಖಲಾಗುವ ಕಂಟ್ರೋಲ್ ಯುನಿಟ್‌ನ ಹಸಿರು ಕಾಗದದ ಸೀಲಿನ ಮೇಲೆ ನನ್ನ ಸಹಿಯ ಜೊತೆಗೆ ಏಜೆಂಟರ ಸಹಿಯೂ ಬೀಳುತ್ತದೆ. ಸಂಜೆ ಒಟ್ಟು ಮತಗಳ ಲೆಕ್ಕ ಬರೆದ ನಮೂನೆ 17ಸಿಯ ಪ್ರತಿಯನ್ನು ಹಾಜರಿರುವ ಪ್ರತಿಯೊಬ್ಬ ಏಜೆಂಟರಿಗೂ ಕೊಡಬೇಕು. ಎಣಿಕೆಯ ದಿನ ಅಂಕಿಗಳನ್ನು ತಾಳೆ ನೋಡಲು ಪಕ್ಷಗಳಿಗೆ ಆಧಾರವಾಗುವುದು ಅದೇ ಹಾಳೆ. ಇಷ್ಟೊಂದು ಕಾಗದದ ಕೆಲಸವೇಕೆಂದು ನಮ್ಮ ಸಿಬ್ಬಂದಿ ಗೊಣಗುವುದುಂಟು. ಪರಸ್ಪರ ನಂಬದ ಇಬ್ಬರು ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಅಂಕಿಯನ್ನು ಒಪ್ಪಿಕೊಳ್ಳುವುದರಿಂದಲೇ ಆ ಅಂಕಿಗೆ ಬೆಲೆ ಬರುತ್ತದೆ ಎಂಬುದು ನನ್ನ ಉತ್ತರ.

2024ರ ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಗದಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕರ್ತವ್ಯದಲ್ಲಿದ್ದೆ. ಪಕ್ಷದ ಚಿಹ್ನೆಯೇ ಇಲ್ಲದೆ ನಡೆಯುವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಎರಡಾಗಿ ಒಡೆದ ಆ ಊರಿನಲ್ಲಿ, ಒಂದು ಗುಂಪಿನವರು ಮತ್ತೊಂದು ಗುಂಪಿನವರ ಹಿಟ್ಟಿನ ಗಿರಣಿಗೂ ಹೋಗುತ್ತಿರಲಿಲ್ಲ. ಹಿರಿಯ ಏಜೆಂಟರೊಬ್ಬರು ಬಂದು, ಎದುರು ಗುಂಪಿನ ಏಜೆಂಟರನ್ನು ತೋರಿಸಿ, “ಸರ, ಅವರೆಲ್ಲಾ ನಮ್ಮ ವೈರಿಗಳದಾರ್ರಿ, ಹೊರಗ ಕುಂದರಸ್ರಿ” ಎಂದರು. “ಯಜಮಾನರ, ಅವರು ಹೊರಗ ಕುಂತರ ನೀವು ಗೆದ್ದದ್ದು ಖರೇ ಅಂತ ನಾಳೆ ಯಾರು ಹೇಳಬೇಕ್ರಿ?” ಎಂದು ನಾನು ಕೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ, ಆದರೂ ಕುಳಿತರು.

‘ವೈರಿ’ ಎಂಬ ಆ ಮಾತಿನ ಅಪಾಯ ಬೈಗುಳಕ್ಕೆ ನಿಲ್ಲುವಂಥದ್ದಲ್ಲ. ಎದುರಾಳಿ ಗೆದ್ದರೆ ಐದು ವರ್ಷ ತಾಳಿಕೊಂಡು ಮತ್ತೆ ಸ್ಪರ್ಧಿಸಬಹುದು. ವೈರಿ ಗೆದ್ದರೆ ಸರ್ವನಾಶವೆಂದು ನಂಬಿದವನಿಗೆ ಅದನ್ನು ತಪ್ಪಿಸಲು ಕಳ್ಳಮತವೂ ಬೆದರಿಕೆಯೂ ಧರ್ಮವಾಗಿಯೇ ಕಾಣುತ್ತವೆ, ಮತ್ತು ಸೋತ ಮೇಲೆ ಯಾವ ಲೆಕ್ಕವೂ ಅವನಿಗೆ ಸರಿಯೆನಿಸುವುದಿಲ್ಲ. ನಮ್ಮ ಕಾನೂನು ಹಾಗೆ ಯೋಚಿಸಿಲ್ಲ: ಸಂಸತ್ತಿನ ವಿರೋಧ ಪಕ್ಷದ ನಾಯಕರಿಗೆ ಸರ್ಕಾರದ ಬೊಕ್ಕಸದಿಂದಲೇ ಸಂಬಳ ಕೊಡುವ ಕಾಯ್ದೆ 1977ರಷ್ಟು ಹಿಂದೆಯೇ ಬಂದಿದೆ. ಮತಗಟ್ಟೆಯೊಳಗಿನ ಸಂಶಯವನ್ನು ಬಗೆಹರಿಸಲೂ ಕಾನೂನು ದಾರಿ ಮಾಡಿಕೊಟ್ಟಿದೆ. ಮತದಾರರ ಗುರುತಿನ ಬಗ್ಗೆ ಅನುಮಾನವಿದ್ದರೆ ಏಜೆಂಟರು 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು, ನಾನು ಅಲ್ಲಿಯೇ ವಿಚಾರಣೆ ನಡೆಸುತ್ತೇನೆ. ಆಕ್ಷೇಪ ದುರುದ್ದೇಶದ್ದೆಂದು ಕಂಡರೆ ಠೇವಣಿ ಮುಟ್ಟುಗೋಲಾಗುತ್ತದೆ. ಎರಡೇ ರೂಪಾಯಿ ಎಂದು ನಗುವವರಿದ್ದಾರೆ, ಆದರೆ ಕೈಕೈ ಮಿಲಾಯಿಸಬಹುದಾಗಿದ್ದ ಜಗಳ ಅಲ್ಲಿ ಲಿಖಿತ ವಿಚಾರಣೆಯಾಗುತ್ತದೆ.

ಈಗ ಹೊಸದಾಗಿ ಈ ಕರ್ತವ್ಯಕ್ಕೆ ಬರುವ ಸಹೋದ್ಯೋಗಿಗಳು ಸಲಹೆ ಕೇಳಿದಾಗ, ಯಂತ್ರದ ವಿಷಯಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ. ಯಾವುದಾದರೂ ಪ್ರಮುಖ ಅಭ್ಯರ್ಥಿಯ ಏಜೆಂಟ್ ಬೆಳಿಗ್ಗೆ ಬಾರದಿದ್ದರೆ ಕಿರಿಕಿರಿ ತಪ್ಪಿತೆಂದುಕೊಳ್ಳದೆ, ಹದಿನೈದು ನಿಮಿಷ ಕಾದು, ಹಲವು ಮತಗಟ್ಟೆಗಳ ಉಸ್ತುವಾರಿ ನೋಡುವ ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿ, ಅವರು ತಾವಾಗಿ ಬಂದಿಲ್ಲವೋ ಅಥವಾ ಯಾರಾದರೂ ತಡೆದಿದ್ದಾರೋ ಎಂದು ವಿಚಾರಿಸಲು ಕೇಳಿಕೊಳ್ಳಿ.