ಮಣಿಕಟ್ಟಿನ ಮೇಲೊಂದು ಗೋಲಿ

ಹೋದ ವರ್ಷ ಜುಲೈನಲ್ಲಿ ಬೆಳಗಿನ ಯೋಗ ಕ್ಲಾಸಿಗೆ ಸೇರಿದೆ. ಸೂರ್ಯ ನಮಸ್ಕಾರದಲ್ಲಿ ಅಂಗೈ ನೆಲಕ್ಕೂರಿ ಮೈಭಾರ ಬಿಟ್ಟ ತಕ್ಷಣ ಬಲಗೈ ಮಣಿಕಟ್ಟಲ್ಲಿ ಚಳಕ್ ಅಂದಿತು. ವಯಸ್ಸು 41, ಬೋರ್ಡ್ ಮೇಲೆ ಬರೆದೂ ಬರೆದೂ ಸವೆದ ಕೈ, ಇಷ್ಟೂ ನೋಯದಿದ್ದರೆ ಹೇಗೆ ಅಂತ ಸುಮ್ಮನಾದೆ. ವಾರದ ಮೇಲೆ ಚಪಾತಿ ಹಿಟ್ಟು ನಾದುವಾಗ ನೋಡ್ತೀನಿ, ಮಣಿಕಟ್ಟಿನ ಮೇಲ್ಗಡೆ ನಟ್ಟನಡುವೆ ಒಂದು ಗೋಲಿ ಕೂತಿದೆ. ಕೈ ಒಳಕ್ಕೆ ಬಗ್ಗಿಸಿದರೆ ಎದ್ದು ನಿಲ್ಲುತ್ತೆ. ನೆಟ್ಟಗೆ ಮಾಡಿದರೆ ಅರ್ಧ ಮುಳುಗುತ್ತೆ.

"ನರ ಗಂಟು ಕಟ್ಟಿದೆ ಕಣಮ್ಮ, ಸುಣ್ಣ ಬೆಲ್ಲ ಹಚ್ಚು" ಅಂದರು ಅತ್ತೆ. ಎರಡು ರಾತ್ರಿ ಹಚ್ಚಿದೆ. ಗಂಟು ಇದ್ದ ಹಾಗೇ ಇತ್ತು, ಮೇಲಿನ ಚರ್ಮ ಮಾತ್ರ ಸುಟ್ಟು ಸಿಪ್ಪೆ ಎದ್ದಿತು. ಚಿಕ್ಕಪ್ಪ ಫೋನ್ ಮಾಡಿ, "ದಪ್ಪ ಪುಸ್ತಕ ತಗೊಂಡು ಒಂದೇಟು ಬಾರಿಸು, ಒಡೆದು ಹೋಗುತ್ತೆ" ಅಂದರು. ಮನೆಯಲ್ಲಿ ದಪ್ಪ ನಿಘಂಟು ಇದೆ. ಧೈರ್ಯ ಇರಲಿಲ್ಲ. ಇದು ನಮ್ಮ ಚಿಕ್ಕಪ್ಪನ ಸಂಶೋಧನೆಯೇನೂ ಅಲ್ಲ. ಇಂಗ್ಲಿಷ್ ಮಾತಾಡುವ ಕಡೆ ಹಿಂದೆ ಮನೆಯ ಬೈಬಲ್ಲಿನಲ್ಲೇ ಹೊಡೆಯುತ್ತಿದ್ದರಂತೆ, ಅದಕ್ಕೇ ಈ ಗಂಟಿಗೆ 'ಬೈಬಲ್ ಸಿಸ್ಟ್' ಅಂತ ಹೆಸರು. ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ಏಟಿಗೆ ಗಂಟಿನ ಬದಲು ಮೂಳೆ ಮುರಿಯಬಹುದು, ದಯವಿಟ್ಟು ಹೊಡ್ಕೋಬೇಡಿ.

ಗೌರಿ ಹಬ್ಬಕ್ಕೆ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬಳೆ ತೊಡಿಸಿಕೊಳ್ಳಲು ಕೂತಿದ್ದೆ. ಬಳೆ ಅಂಗಡಿಯಮ್ಮ ನನ್ನ ಕೈ ಹಿಡಿದವರೇ ಹೆಬ್ಬೆರಳಿನಿಂದ ಗಂಟನ್ನು ಒತ್ತಿ ನೋಡಿದರು. "ಅಕ್ಕ, ಬಗ್ಗಿಸಿದರೆ ಏಳುತ್ತಲ್ವಾ? ನಾನು ದಿನಾ ನೋಡ್ತೀನಿ ಇದನ್ನ. ಹೆಂಗಸರಿಗೇ ಜಾಸ್ತಿ. ಆದರೂ ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ." ಆಮೇಲೆ ಓದಿದಾಗ ಗೊತ್ತಾಯ್ತು, ಆಕೆ ಹೇಳಿದ್ದು ಸರಿ. ಕೈ ಮಣಿಕಟ್ಟಿನಲ್ಲಿ ಬರುವ ಗಂಟುಗಳಲ್ಲಿ ಇದೇ ಜಾಸ್ತಿ, ಅದರಲ್ಲೂ 20ರಿಂದ 40 ವಯಸ್ಸಿನ ಹೆಂಗಸರಿಗೆ. ಅಷ್ಟು ಮಣಿಕಟ್ಟು ಹಿಡಿದು ನೋಡಿದವರು ಬೇರೆ ಯಾರಿದ್ದಾರೆ ಹೇಳಿ?

ಮೂಳೆ ಡಾಕ್ಟರು ಮೊದಲು ಮಾಡಿದ ಕೆಲಸ ಲೈಟ್ ಆರಿಸಿದ್ದು. ಕರೆಂಟ್ ಹೋಯ್ತು ಅಂದುಕೊಂಡೆ. ಪುಟ್ಟ ಟಾರ್ಚನ್ನು ಗಂಟಿನ ಪಕ್ಕಕ್ಕೆ ಒತ್ತಿ ಹಿಡಿದರು. ಗೋಲಿ ಪೂರ್ತಿ ಕೆಂಪಗೆ ಹೊಳೆಯಿತು. ಚಿಕ್ಕವರಿದ್ದಾಗ ಟಾರ್ಚ್ ಮೇಲೆ ಬೆರಳಿಟ್ಟು ಆಡುತ್ತಿದ್ದೆವಲ್ಲ, ಥೇಟ್ ಹಾಗೆ. ಒಳಗೆ ನೀರಿನಂಥದ್ದು ತುಂಬಿದ್ದರೆ ಬೆಳಕು ಹಾಯುತ್ತೆ, ಮಾಂಸದ ಗೆಡ್ಡೆಯಾದರೆ ಹಾಯೋದಿಲ್ಲ. "ಗ್ಯಾಂಗ್ಲಿಯಾನ್ ಸಿಸ್ಟ್. ಕ್ಯಾನ್ಸರ್ ಅಲ್ಲ" ಅಂದರು.

ಎರಡನೇ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ನಾನು ವಿಜ್ಞಾನದ ಮೇಷ್ಟ್ರು. ನನ್ನ ಪಾಠದಲ್ಲಿ ಗ್ಯಾಂಗ್ಲಿಯಾನ್ ಅಂದರೆ ನರಕೋಶಗಳ ಗುಂಪು, ಎರೆಹುಳುವಿನ ಹೊಟ್ಟೆಯುದ್ದಕ್ಕೂ ಸಾಲಾಗಿ ಇರುವಂಥದ್ದು. ಹಾಗಾದರೆ ಅತ್ತೆ ಹೇಳಿದ್ದೇ ನಿಜ, ನರವೇ ಗಂಟು ಕಟ್ಟಿದೆ! ಡಾಕ್ಟರು ನಕ್ಕುಬಿಟ್ಟರು. ನರಕ್ಕೂ ಇದಕ್ಕೂ ಸಂಬಂಧವಿಲ್ಲ, ಹೆಸರು ಮಾತ್ರ ಒಂದೇ. ಗ್ರೀಕಿನಲ್ಲಿ ಆ ಪದಕ್ಕೆ ಗಂಟು ಅಂತಲೇ ಅರ್ಥವಂತೆ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಅದರಲ್ಲಿ ಸ್ಕ್ಯಾಫಾಯ್ಡ್, ಲೂನೇಟ್ ಅನ್ನೋ ಎರಡನ್ನು ಬಿಗಿದಿರುವ ಪಟ್ಟಿಯ ಹತ್ತಿರ ಕೀಲಿನ ಚೀಲದಿಂದ ಒಂದು ಸಣ್ಣ ತೊಟ್ಟು ಹೊರಟು, ತುದಿಯಲ್ಲಿ ಬಲೂನಿನ ಹಾಗೆ ಉಬ್ಬುತ್ತೆ. ಒಳಗೆ ಹೋದ ದ್ರವ ವಾಪಸ್ ಬರೋದು ಕಷ್ಟ. ಅಲ್ಲೇ ಗಟ್ಟಿಯಾಗುತ್ತಾ ಹೋಗುತ್ತೆ.

ಸೂಜಿ ಹಾಕಿ ತೆಗೆಸಿದೆ. ಸಾಮಾನ್ಯ ಇಂಜೆಕ್ಷನ್ ಸೂಜಿಯಲ್ಲ, ದಪ್ಪನೆಯದು. ಸಪೂರ ಸೂಜಿಯಲ್ಲಿ ಆ ಲೋಳೆ ಏರೋದೇ ಇಲ್ಲ. ನೋಡಬಾರದು ಅಂದುಕೊಂಡೇ ನೋಡಿದೆ. ಸಿರಿಂಜಿನೊಳಗೆ ತಿಳಿಯಾದ, ಲೋಳೆಸರದ ತಿರುಳಿನಂಥ ಜೆಲ್ಲಿ ನಿಧಾನಕ್ಕೆ ಬಂತು. ಅದರಲ್ಲಿ ಹಯಲ್ಯುರಾನಿಕ್ ಆಸಿಡ್ ಇರುತ್ತಂತೆ. ನನ್ನ ಮಗಳು ದುಡ್ಡು ಕೊಟ್ಟು ಮುಖಕ್ಕೆ ಹಚ್ಚಿಕೊಳ್ಳುವ ಸೀರಮ್ಮಿನ ಬಾಟಲಿ ಮೇಲೂ ಅದೇ ಹೆಸರಿದೆ!

ಗೋಲಿ ಮಾಯ. ಸಂಕ್ರಾಂತಿಗೆ ಎಳ್ಳು ಬೀರಲು ಹೊರಡುವ ಹೊತ್ತಿಗೆ ಮತ್ತೆ ಹಾಜರ್. ಜೆಲ್ಲಿ ಹೋದರೂ ತೊಟ್ಟು ಒಳಗೇ ಇರುತ್ತಲ್ಲ. ಸೂಜಿಯಲ್ಲಿ ತೆಗೆದವುಗಳಲ್ಲಿ ಅರ್ಧದಷ್ಟಾದರೂ ವಾಪಸ್ ಬರುತ್ತವೆ. ತೊಟ್ಟಿನ ಸಮೇತ ಕತ್ತರಿಸಿ ತೆಗೆಯುವ ಆಪರೇಷನ್ ಇದೆ. ಅದರಲ್ಲಿ ಮರಳಿ ಬರೋದು ಕಡಿಮೆ, ಆದರೆ ಬರೋದೇ ಇಲ್ಲ ಅಂತಲ್ಲ. ಗಾಯದ ಗುರುತು, ಕೆಲವು ವಾರ ಕೈ ಬಿಗಿತ ಬೇರೆ. ಪರೀಕ್ಷೆ ಪೇಪರ್ ತಿದ್ದುವ ಕಾಲದಲ್ಲಿ ಬಲಗೈ ಕಟ್ಟಿಸಿಕೊಂಡು ಕೂರಲು ನನಗೆ ಮನಸ್ಸಾಗಲಿಲ್ಲ. "ಹಾಗಾದರೆ ಬಿಟ್ಟುಬಿಡಿ, ಸುಮಾರು ಅರ್ಧ ಜನಕ್ಕೆ ತಾನಾಗೇ ಹೋಗುತ್ತೆ. ವರ್ಷಗಳೇ ಹಿಡಿಯಬಹುದು" ಅಂದರು ಡಾಕ್ಟರು. ಬೇಗ ಬೇಗ ದೊಡ್ಡದಾದರೆ, ಕೆಂಪಾಗಿ ಬಿಸಿಯಾದರೆ, ಬೆರಳು ಜೋಮು ಹಿಡಿದರೆ ಮಾತ್ರ ತಡಮಾಡದೆ ಬರಬೇಕು.

ನನ್ನ ಸಹೋದ್ಯೋಗಿಯೊಬ್ಬರಿಗೆ ಅಂಗೈ ಕಡೆ, ನಾಡಿ ನೋಡುವ ಜಾಗದಲ್ಲೇ ಬಂದಿದೆ. ಪಕ್ಕದಲ್ಲೇ ರಕ್ತನಾಳ ಇರೋದರಿಂದ ಅವರಿಗೆ ಸೂಜಿ ಬೇಡ ಅಂದರು.

ಯೋಗದಲ್ಲಿ ಈಗ ಅಂಗೈ ಊರೋದಿಲ್ಲ. ಮುಷ್ಟಿ ಕಟ್ಟಿ ಊರುತ್ತೇನೆ, ಮಣಿಕಟ್ಟು ನೆಟ್ಟಗಿರುತ್ತೆ, ನೋವಿಲ್ಲ.

ಮೊನ್ನೆ ಹತ್ತನೇ ಕ್ಲಾಸಿನಲ್ಲಿ ನರಮಂಡಲದ ಪಾಠ. ಗ್ಯಾಂಗ್ಲಿಯಾನ್ ಪದ ಬಂತು, ನನ್ನ ಕತೆ ಹೇಳಿದೆ. "ಲೈಟ್ ಹಾಕಿ ತೋರಿಸಿ ಮಿಸ್" ಅಂತ ಹಟ. ಕಿಟಕಿ ಮುಚ್ಚಿಸಿ, ಮೊಬೈಲ್ ಟಾರ್ಚ್ ಹಿಡಿದು ಕೈ ಬಗ್ಗಿಸಿದೆ. ಬಗ್ಗಿಸಿದಾಗಲೇ ಗೊತ್ತಾಗಿದ್ದು, ಅದು ಯಾವಾಗಲೋ ಇಳಿದು ಕಡಲೆಕಾಳಿನಷ್ಟಾಗಿದೆ.

"ಏನೂ ಕಾಣ್ತಿಲ್ಲ ಮಿಸ್" ಅಂದಿತು ಹಿಂದಿನ ಬೆಂಚು.